ನೈಂಟಿ ಪ್ಯಾಕೆಟ್ಟೂ ವಿಸ್ಕಿ, ಸಿಂಗಲ್ ಮಾಲ್ಟೂ ವಿಸ್ಕಿ: ಹಂಗಾರ ಫರಕ್ ಎಲ್ಲೈತಿ?

ಓದುಗರ ಪ್ರಶ್ನೆ: “ವೈನ್ ಶಾಪಿನ್ಯಾಗ ನೈಂಟಿ ಪ್ಯಾಕೆಟ್ ಮ್ಯಾಲೂ ವಿಸ್ಕಿ ಅಂತ ಐತಿ, ಗಾಜಿನ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟ ಬಾಟಲಿ ಮ್ಯಾಲೂ ವಿಸ್ಕಿ ಅಂತನ ಐತಿ. ಎರಡರ ಮ್ಯಾಲೂ 42.8 ಪರ್ಸೆಂಟ್ ಅಂತ ಬರದಾರ. ಹಂಗಾರ ಅಷ್ಟು ರೊಕ್ಕ ಯಾತಕ್ಕ, ಹೆಸರಿಗೋ ಮಾಲಿಗೋ? ಸ್ಕಾಚ್, ಬೋರ್ಬನ್, ಸಿಂಗಲ್ ಮಾಲ್ಟ್ ಅಂದ್ರ ಏನು ಅಂತ ಒಮ್ಮೆ ಬಿಡಿಸಿ ಹೇಳ್ರಿ.” (ವಿದ್ಯಾನಗರ, ಹುಬ್ಬಳ್ಳಿ)

ರೊಕ್ಕ ಹೆಸರಿಗೂ ಹೋಗುತ್ತದೆ, ತೆರಿಗೆಗೂ ಹೋಗುತ್ತದೆ. ಆದರೆ ಮಾಲಿನಲ್ಲೂ ಫರಕ್ ಇದ್ದೇ ಇದೆ. ಮದ್ಯಸಾರ ಯಾವುದರಿಂದ ಬಂತು, ಭಟ್ಟಿಯಿಂದ ಇಳಿಯುವಾಗ ಎಷ್ಟು ರುಚಿ ಉಳಿಸಿಕೊಂಡಿತು, ಆಮೇಲೆ ಮರದ ಪೀಪಾಯಿಯಲ್ಲಿ ಎಷ್ಟು ಕಾಲ ಕೂತಿತು ಎಂಬ ಮೂರು ಪ್ರಶ್ನೆ ಕೇಳಿದರೆ ಯಾವ ದೇಶದ ವಿಸ್ಕಿಯ ಜಾತಕವೂ ಗೊತ್ತಾಗುತ್ತದೆ.

ಮೊದಲು ಆ 42.8ರ ವಿಚಾರ ಮುಗಿಸೋಣ. ಬ್ರಿಟಿಷರ ಹಳೆಯ ಪ್ರೂಫ್ ಅಳತೆಯಲ್ಲಿ 100 ಡಿಗ್ರಿ ಎಂದರೆ ಶೇ 57.1 ಮದ್ಯಸಾರ. ಅದಕ್ಕಿಂತ 25 ಡಿಗ್ರಿ ಕೆಳಗೆ, ಅಂದರೆ 75 ಡಿಗ್ರಿಗೆ ನಿಲ್ಲಿಸಿದರೆ ಶೇ 42.8 ಬರುತ್ತದೆ. ನಮ್ಮ ಲೇಬಲ್ಲುಗಳ ಮೇಲೆ ಕಾಣುವ ‘25 ಯು.ಪಿ.’ (ಅಂಡರ್ ಪ್ರೂಫ್) ಎಂಬುದು ಇದೇ ಲೆಕ್ಕ. ಅದು ಖಡಕ್ ಎಷ್ಟು ಎಂದಷ್ಟೇ ಹೇಳುತ್ತದೆ, ಗುಣದ ಬಗ್ಗೆ ಏನೂ ಹೇಳುವುದಿಲ್ಲ. 180 ಎಂ.ಎಲ್. ಕ್ವಾರ್ಟರ್ ಅಗ್ಗದ್ದಿರಲಿ ದುಬಾರಿಯದಿರಲಿ, ಒಳಗಿರುವ ಶುದ್ಧ ಮದ್ಯಸಾರ 77 ಎಂ.ಎಲ್. ‘ತುಟ್ಟಿ ಮಾಲು ಲಿವರಿಗೆ ಏನೂ ಮಾಡಂಗಿಲ್ಲ’ ಎನ್ನುವ ಮಾತಿಗೆ ಆಧಾರವಿಲ್ಲ.

ಈಗ ಅಗ್ಗದ ಪ್ಯಾಕೆಟ್ಟಿಗೆ ಬರೋಣ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟಿನ ಕಾಕಂಬಿಯನ್ನು ಈ ಭಾಗದವರಿಗೆ ಪರಿಚಯಿಸಬೇಕಿಲ್ಲ. ಅದನ್ನು ಹುಳಿಸಿ, ಕಂಬದಂಥ ಎತ್ತರದ ಭಟ್ಟಿಗಳಲ್ಲಿ (ಕಾಲಮ್) ಮತ್ತೆ ಮತ್ತೆ ಇಳಿಸಿ ಶೇ 96ರವರೆಗೆ ಏರಿಸುತ್ತಾರೆ. ಅಷ್ಟು ಹೊತ್ತಿಗೆ ಕಾಕಂಬಿಯ ವಾಸನೆ, ರುಚಿ ಎಲ್ಲ ಹೋಗಿ ಬರೀ ಖಾರ ಉಳಿದಿರುತ್ತದೆ. ಇದೇ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್, ಧಂದೆಯವರ ಬಾಯಲ್ಲಿ ‘ಇಎನ್‌ಎ’. ನುಚ್ಚಕ್ಕಿ, ಗೋವಿನಜೋಳದಿಂದಲೂ ಇಎನ್‌ಎ ತೆಗೆಯುತ್ತಾರೆ. ಇದಕ್ಕೆ ನೀರು ಬೆರೆಸಿ ಖಡಕ್ ಇಳಿಸಿ, ಸ್ವಲ್ಪ ಮಾಲ್ಟ್ ಸ್ಪಿರಿಟ್ಟೋ ಫ್ಲೇವರೋ ಸೇರಿಸಿ, ಸುಟ್ಟ ಸಕ್ಕರೆಯ ಬಣ್ಣ ಹಾಕಿದರೆ ಪ್ಯಾಕೆಟ್ಟಿನ ವಿಸ್ಕಿ ತಯಾರು. ಅದರ ಬಹುಪಾಲು ಪೀಪಾಯಿಯ ಮುಖವನ್ನೇ ನೋಡಿರುವುದಿಲ್ಲ. ಕಾಕಂಬಿಯಿಂದ ತೆಗೆದದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತೆಯೇ ಇಲ್ಲ. ಅಲ್ಲಿಯ ಕಾನೂನಿಗೆ ವಿಸ್ಕಿ ಎಂದರೆ ಧಾನ್ಯದ್ದು, ಕಬ್ಬಿನ ಮೂಲದ್ದು ರಮ್ಮಿನ ಕುಲ. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ನಿಷೇಧವಾದ ಸಾರಾಯಿಯ ಮೂಲವೂ ಕಾಕಂಬಿಯ ಸ್ಪಿರಿಟ್ಟೇ. ಆಗ ಸಾರಾಯಿ ಬಿಟ್ಟು ಅಗ್ಗದ ವಿಸ್ಕಿಗೆ ಹೊರಳಿದವರ ಲೋಟದಲ್ಲಿ ಬಣ್ಣ ಬದಲಾಯಿತು, ಮೂಲ ಅಷ್ಟಾಗಿ ಬದಲಾಗಲಿಲ್ಲ.

ಬಾರ್ಲಿಯಿಂದ ಪೀಪಾಯಿಯವರೆಗೆ

ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಪಾಟ್ ಸ್ಟಿಲ್‌ನಲ್ಲಿ (ಕೊಡದಂಥ ಭಟ್ಟಿ ಪಾತ್ರೆ) ಇಳಿಸಿದ ವಿಸ್ಕಿ. ಬಾರ್ಲಿಯನ್ನು ಎರಡು ದಿನ ನೀರು ಕುಡಿಸಿ ಬಸಿದು, ಕಾಳಿನ ತೇವ ಶೇ 45ರ ಆಸುಪಾಸಿಗೆ ಬಂದ ಮೇಲೆ ನಾಲ್ಕೈದು ದಿನ ಮೊಳಕೆಗೆ ಬಿಡುತ್ತಾರೆ. ಮನೆಯಲ್ಲಿ ರಾಗಿ ಮಾಲ್ಟಿಗೆ ರಾಗಿ ಕಟ್ಟುವುದೂ ಇದೇ ಕೆಲಸ: ಕಾಳು ತನ್ನ ಹಿಟ್ಟನ್ನು ತಾನೇ ಸಿಹಿ ಮಾಡಿಕೊಳ್ಳುವ ಕಿಣ್ವಗಳನ್ನು ತಯಾರಿಸುತ್ತದೆ. ನೀರು ಕಡಿಮೆಯಾದರೆ ಕಾಳು ಸಮನಾಗಿ ಒಡೆಯುವುದಿಲ್ಲ, ಮೊಳಕೆ ಉದ್ದವಾಗಲು ಬಿಟ್ಟರೆ ಅದೇ ಹಿಟ್ಟನ್ನೆಲ್ಲ ತಿಂದುಹಾಕುತ್ತದೆ. ಆದ್ದರಿಂದ ಸರಿಯಾದ ಹೊತ್ತಿಗೆ ಗೂಡಿನಲ್ಲಿ ಬಿಸಿಗಾಳಿ ಕೊಟ್ಟು ಒಣಗಿಸಬೇಕು. ಸ್ಕಾಟ್ಲೆಂಡಿನ ಐಲಾ ದ್ವೀಪದ ಕೆಲವು ವಿಸ್ಕಿಗಳಲ್ಲಿ ಬರುವ ಹೊಗೆ, ಟಿಂಚರ್ ವಾಸನೆ ಇಲ್ಲೇ ಸೇರುತ್ತದೆ. ಜೌಗು ನೆಲದಿಂದ ಕಡಿದು ತೆಗೆದ ‘ಪೀಟ್’ ಎಂಬ ಹಳೆಯ ಸಸ್ಯಮಣ್ಣನ್ನು ಸುಟ್ಟು, ಹಸಿ ಮಾಲ್ಟಿಗೆ ಅದರ ಹೊಗೆ ಹಿಡಿಸುತ್ತಾರೆ. ಹೊಗೆ ಅಂಟುವುದು ಕಾಳು ಒದ್ದೆ ಇರುವಾಗ ಮಾತ್ರ.

ಒಣಗಿದ ಮಾಲ್ಟನ್ನು ತರಿತರಿಯಾಗಿ ಒಡೆಯುತ್ತಾರೆ. ಸುಮಾರಾಗಿ ಹತ್ತರಲ್ಲಿ ಎರಡು ಪಾಲು ಹೊಟ್ಟು, ಏಳು ಪಾಲು ರವೆ, ಒಂದು ಪಾಲು ಹಿಟ್ಟು ಬರಬೇಕು. ಹಿಟ್ಟು ಹೆಚ್ಚಾದರೆ ತಳದ ಜರಡಿ ಕಟ್ಟಿಕೊಳ್ಳುತ್ತದೆ, ರವೆ ದಪ್ಪವಾದರೆ ಸಕ್ಕರೆ ಪೂರ್ತಿ ಬಿಡುವುದಿಲ್ಲ. ಇದಕ್ಕೆ ಬಿಸಿನೀರು ಸೇರಿಸಿದಾಗ ಹದ 63–64 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೊದಲ ನೀರೇ ತುಂಬಾ ಬಿಸಿಯಾದರೆ ಕಿಣ್ವಗಳು ಸತ್ತು, ಸಿಹಿರಸದ ಬದಲು ಗಂಜಿ ಕೈಗೆ ಬರುತ್ತದೆ. ರಸ ಬಸಿದು, 20 ಡಿಗ್ರಿಯ ಹತ್ತಿರಕ್ಕೆ ತಣಿಸಿ, ಯೀಸ್ಟ್ ಹಾಕುತ್ತಾರೆ. ಎರಡು ದಿನದಲ್ಲಿ ಶೇ 8–9 ಮದ್ಯಸಾರದ ಹುಳಿದ್ರವ ಸಿದ್ಧ. ಅಲ್ಲಿಗೇ ಇಳಿಸಿದರೆ ಕಾಳಿನ ರುಚಿ ಮುಂದಾಗುತ್ತದೆ, ಮೂರು ನಾಲ್ಕು ದಿನ ಬಿಟ್ಟರೆ ಹಣ್ಣಿನ ಪರಿಮಳ ಹುಟ್ಟುತ್ತದೆ. ವಿಸ್ಕಿಯ ಮಾತು ಬಂದಾಗ ಎಲ್ಲರೂ ಪೀಪಾಯಿಯ ಗುಣಗಾನ ಮಾಡುತ್ತಾರೆ, ಹುದುಗಿನ ಹೆಸರೆತ್ತುವವರು ಕಡಿಮೆ. ಇದು ಅನ್ಯಾಯ. ಬಾಳೆಹಣ್ಣು, ಸೇಬಿನ ಪರಿಮಳ ಎನ್ನುತ್ತೇವಲ್ಲ, ಅದರ ಬಹುಪಾಲು ಹುಟ್ಟುವುದು ಈ ಕೊಳಗದಲ್ಲಿ.

ಆಮೇಲೆ ಎರಡು ಸಲ ಭಟ್ಟಿ. ಮೊದಲ ಸಲಕ್ಕೆ ಶೇ 21–25ರ ಮಂದ ಸ್ಪಿರಿಟ್ ಬರುತ್ತದೆ. ಎರಡನೇ ಸಲ ಭಟ್ಟಿಯವನ ಕಣ್ಣು ಮೂಗಿಗೆ ಕೆಲಸ. ಮೊದಲು ಇಳಿಯುವುದು ಮೂಗಿಗೆ ಬಡಿಯುವ ತೀಕ್ಷ್ಣ ಭಾಗ, ಅದನ್ನು ಬೇರೆ ಮಾಡಬೇಕು. ಮಧ್ಯದ್ದೇ ಹೃದಯಭಾಗ, ಅದು ಸರಾಸರಿ ಶೇ 68–70 ಇರುತ್ತದೆ. ಕೊನೆಯಲ್ಲಿ ಎಣ್ಣೆಯಂಥ, ಒದ್ದೆ ಬಟ್ಟೆ ವಾಸನೆಯ ಬಾಲ. ತಲೆ ಬಾಲ ಎರಡನ್ನೂ ಮುಂದಿನ ಭಟ್ಟಿಗೆ ಸೇರಿಸುತ್ತಾರೆ. ಕತ್ತರಿಸುವುದು ತಡವಾದರೆ ಬಾಲದ ವಾಸನೆ ಒಳಬರುತ್ತದೆ, ಅವಸರ ಮಾಡಿದರೆ ಒಳ್ಳೆಯ ಮಾಲೇ ಕೈಬಿಡುತ್ತದೆ. ಪಾತ್ರೆಗೆ ತಾಮ್ರವೇ ಬೇಕು, ಏಕೆಂದರೆ ಬೇಯಿಸಿದ ಎಲೆಕೋಸಿನಂತೆ ನಾರುವ ಗಂಧಕದ ಅಂಶಗಳನ್ನು ಅದು ಹಿಡಿದುಕೊಳ್ಳುತ್ತದೆ. ಒಂದು ಟನ್ ಮಾಲ್ಟಿನಿಂದ ಸುಮಾರು 400 ಲೀಟರ್ ಶುದ್ಧ ಮದ್ಯಸಾರ ಸಿಗುತ್ತದೆ. ಇಷ್ಟಾದರೂ ಅದು ನೀರಿನಷ್ಟೇ ತಿಳಿ. ಬಣ್ಣ ಬರುವುದು ಓಕ್ ಮರದಿಂದ.

ಇದನ್ನು ಮನೆಯಲ್ಲಿ ಮಾಡಿ ನೋಡುವ ಆಸೆ ಬೇಡ. ಪರವಾನಗಿ ಇಲ್ಲದ ಭಟ್ಟಿ ನಮ್ಮ ಅಬಕಾರಿ ಕಾಯ್ದೆಯಲ್ಲಿ ಅಪರಾಧ, ಮದ್ಯಸಾರದ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು, ಜೀವ ತೆಗೆಯುವುದು ಹೆಚ್ಚಾಗಿ ಖಡಕ್ ಏರಿಸಲು ಬೆರೆಸುವ ಕೈಗಾರಿಕಾ ಮೆಥನಾಲ್. ಅದನ್ನು ನೋಡಿಯೋ ಮೂಸಿಯೋ ಗುರುತಿಸಲಾಗುವುದಿಲ್ಲ.

ದೇಶಕ್ಕೊಂದು ಕಟ್ಟಳೆ

ಸ್ಕಾಟ್ಲೆಂಡಿನಲ್ಲಿ ವಿಸ್ಕಿಯ ಮೊದಲ ಬರಹದ ದಾಖಲೆ 1494ರದು: ರಾಜನ ಖಜಾನೆಯ ಲೆಕ್ಕದಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ‘ಜೀವಜಲ’ ತಯಾರಿಸಲು ಎಂಟು ಬೋಲ್ (ಅಲ್ಲಿಯ ಹಳೆಯ ಅಳತೆ) ಮಾಲ್ಟ್ ಕೊಟ್ಟ ನಮೂದಿದೆ. ಮುಂದೆ ಶತಮಾನಗಳ ಕಾಲ ತೆರಿಗೆ ತಪ್ಪಿಸಿಕೊಂಡ ಕಳ್ಳಭಟ್ಟಿಯೇ ಅಲ್ಲಿ ರೂಢಿ. 1823ರ ಅಬಕಾರಿ ಕಾಯ್ದೆ ಸುಂಕ ಇಳಿಸಿ ಪರವಾನಗಿ ಸಲೀಸು ಮಾಡಿದ ಮೇಲೆ ಧಂದೆ ಬೆಳಕಿಗೆ ಬಂತು. 1830ರಲ್ಲಿ ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ ಈನಿಯಸ್ ಕಾಫಿ ನಿಲ್ಲದೆ ಹರಿಯುವ ಕಾಲಮ್ ಭಟ್ಟಿಗೆ ಪೇಟೆಂಟ್ ಪಡೆದರು. ಅದರಿಂದ ಧಾನ್ಯದ ಸ್ಪಿರಿಟ್ ಅಗ್ಗವಾಗಿ, ಹಗುರಾಗಿ ಬಂತು. ಐರಿಷ್ ತಯಾರಕರು ಅದಕ್ಕೆ ಮೂಗು ಮುರಿದರು. ಸ್ಕಾಟರು ಅದನ್ನು ಮಾಲ್ಟಿಗೆ ಬೆರೆಸಿ ಬ್ಲೆಂಡೆಡ್ ಸ್ಕಾಚ್ ಮಾಡಿ ಜಗತ್ತಿಗೆಲ್ಲ ಮಾರಿದರು.

ಇವತ್ತಿನ ನಿಯಮದ ಪ್ರಕಾರ ಸ್ಕಾಚ್ ಸ್ಕಾಟ್ಲೆಂಡಿನಲ್ಲೇ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಇರಬೇಕು. ಭಟ್ಟಿಯಲ್ಲಿ ಶೇ 94.8 ದಾಟಬಾರದು, ಬಾಟಲಿಯಲ್ಲಿ ಶೇ 40ಕ್ಕೆ ಇಳಿಯಬಾರದು. ನೀರು ಮತ್ತು ಸಾದಾ ಕ್ಯಾರಮೆಲ್ ಬಣ್ಣ ಬಿಟ್ಟರೆ ಬೇರೇನೂ ಸೇರಿಸುವಂತಿಲ್ಲ. ಆ 94.8ರ ಗೆರೆ ಮುಖ್ಯ. ನಮ್ಮ ಇಎನ್‌ಎ 96ಕ್ಕೆ ಹೋಗಿ ರುಚಿ ಕಳೆದುಕೊಂಡರೆ, ಸ್ಕಾಚಿನ ಗ್ರೇನ್ ವಿಸ್ಕಿ (ಕಾಲಮ್ಮಿನಲ್ಲಿ ಇಳಿಸಿದ ಧಾನ್ಯದ ವಿಸ್ಕಿ) ಅದಕ್ಕೂ ಕೆಳಗೆ ನಿಂತು, ಮೇಲೆ ಮೂರು ವರ್ಷ ಮರದಲ್ಲಿ ಕೂರುತ್ತದೆ.

ಐರ್ಲೆಂಡಿನಲ್ಲಿ ಮೂರು ಸಲ ಇಳಿಸುವುದು ಹೆಚ್ಚು ರೂಢಿ, ಅದರಿಂದ ನುಣುಪು. ಅವರದೇ ಆದ ‘ಸಿಂಗಲ್ ಪಾಟ್ ಸ್ಟಿಲ್’ ವಿಸ್ಕಿಯಲ್ಲಿ ಮೊಳಕೆ ಬಾರ್ಲಿಯ ಜೊತೆ ಹಸಿ ಬಾರ್ಲಿಯೂ ಇರುತ್ತದೆ. ಮಾಲ್ಟಿನ ಮೇಲಿನ ತೆರಿಗೆ ಉಳಿಸಲು ಬೆಳೆದ ಈ ಪದ್ಧತಿಗೆ ಒಂದು ಎಣ್ಣೆಯಂಥ, ಮಸಾಲೆಯ ರುಚಿ ಇದೆ. 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧ ಐರಿಷ್ ಉದ್ಯಮಕ್ಕೆ ಬಿದ್ದ ದೊಡ್ಡ ಹೊಡೆತಗಳಲ್ಲಿ ಒಂದು.

ಬೋರ್ಬನ್ ಅಮೆರಿಕದ್ದು, ಧಾನ್ಯದಲ್ಲಿ ಕನಿಷ್ಠ ಶೇ 51 ಗೋವಿನಜೋಳ. ರಾಣೆಬೆನ್ನೂರು, ಹಾವೇರಿಯ ಹೊಲಗಳಲ್ಲಿ ಕಾಣುವ ಅದೇ ಬೆಳೆ. ಆದರೆ ಇಲ್ಲಿ ಇಳಿಸಿದ್ದಕ್ಕೆ ಬೋರ್ಬನ್ ಎನ್ನುವಂತಿಲ್ಲ. ಒಳಮೈ ಸುಟ್ಟು ಕರಿಮಾಡಿದ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕೆಂಬ ಕಟ್ಟಳೆ ಇರುವುದರಿಂದ ವೆನಿಲ್ಲಾ, ಸುಟ್ಟ ಸಕ್ಕರೆಯ ರುಚಿ ಗಾಢ. ಹೀಗೆ ಒಮ್ಮೆ ಬಳಸಿದ 200 ಲೀಟರಿನ ಪೀಪಾಯಿಗಳೇ ಹಡಗು ಹತ್ತಿ ಸ್ಕಾಟ್ಲೆಂಡ್, ಐರ್ಲೆಂಡ್, ಬೆಂಗಳೂರಿಗೆ ಬರುತ್ತವೆ. ಅಮೆರಿಕದ ಟೆನೆಸ್ಸಿ ರಾಜ್ಯದವರು ಹೊಸ ಸ್ಪಿರಿಟ್ಟನ್ನು ಮೇಪಲ್ ಇದ್ದಿಲಿನಲ್ಲಿ ಸೋಸಿ ಪೀಪಾಯಿಗೆ ಹಾಕುತ್ತಾರೆ. ಅಮೆರಿಕದ ರೈ ವಿಸ್ಕಿಯಲ್ಲಿ ಕನಿಷ್ಠ ಶೇ 51 ರೈ ಧಾನ್ಯ, ಕರಿಮೆಣಸಿನ ಖಾರ. ಕೆನಡಾದ್ದು ಸಾಮಾನ್ಯವಾಗಿ ಹಗುರ ಬ್ಲೆಂಡ್. ಜಪಾನಿನ ಕಥೆ 1923ರಲ್ಲಿ ಶಿಂಜಿರೋ ತೋರಿ ಕಟ್ಟಿದ ಯಾಮಾಜಾಕಿ ಡಿಸ್ಟಿಲರಿಯಿಂದ ಶುರು. ಸ್ಕಾಟ್ಲೆಂಡಿನಲ್ಲಿ ಕಲಿತು ಬಂದ ಮಸಾತಾಕಾ ತಾಕೆತ್ಸುರು ಅಲ್ಲಿ ಭಟ್ಟಿ ಹೂಡಿ, 1934ರಲ್ಲಿ ಯೋಯಿಚಿಯಲ್ಲಿ ತಮ್ಮದೇ ಡಿಸ್ಟಿಲರಿ ಶುರುಮಾಡಿದರು.

ನಮ್ಮ ಬಿಸಿಲು, ನಮ್ಮ ಮಾಲ್ಟ್

1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚಿನ ಮನೆಯಂಗಳದಲ್ಲೇ ಕನ್ನಡ ನಾಡಿನ ಮಾಲು ಇಟ್ಟು ಪರೀಕ್ಷೆಗೆ ನಿಂತದ್ದು ಸಣ್ಣ ಧೈರ್ಯವಲ್ಲ. ಘಟ್ಟ ಇಳಿದರೆ ಗೋವೆಯಲ್ಲಿ ಪಾಲ್ ಜಾನ್ ಇದೆ, ಉತ್ತರದಲ್ಲಿ ರಾಂಪುರ, ಇಂದ್ರಿ ಇವೆ. ಇವೆಲ್ಲ ಬಾರ್ಲಿಯ ನಿಜವಾದ ಸಿಂಗಲ್ ಮಾಲ್ಟ್‌ಗಳು. ಹಾಗಾದರೆ ಇವುಗಳ ಮೇಲೆ ‘12 ವರ್ಷ’, ‘18 ವರ್ಷ’ ಎಂದು ಸಾಮಾನ್ಯವಾಗಿ ಏಕೆ ಕಾಣುವುದಿಲ್ಲ?

ಲೆಕ್ಕ ಹಾಕಿ ನೋಡಿ. ಪೀಪಾಯಿ ಉಸಿರಾಡುತ್ತದೆ, ವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಇದನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಥಂಡಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಅಲ್ಲಿ 200 ಲೀಟರ್ ತುಂಬಿಟ್ಟರೆ 12 ವರ್ಷದ ಮೇಲೂ 157 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ ಶೇ 10ಕ್ಕೂ ಮೇಲೆ. ಹತ್ತೇ ಎಂದು ಹಿಡಿದರೂ 5 ವರ್ಷಕ್ಕೆ 118 ಲೀಟರ್, 12 ವರ್ಷಕ್ಕೆ 56 ಲೀಟರ್. ಬಿಸಿಲಿಗೆ ಸ್ಪಿರಿಟ್ ಮರದೊಳಗೆ ಹೊಕ್ಕು ಹೊರಬರುವುದೂ ಜೋರು, ಬಣ್ಣ ರುಚಿ ಬೇಗ ಇಳಿಯುತ್ತದೆ. ನಾಲ್ಕೈದು ವರ್ಷದಲ್ಲೇ ಹದ ಬರುತ್ತದೆ, ಅದಕ್ಕಿಂತ ಬಹಳ ಬಿಟ್ಟರೆ ಮರದ ಒಗರು ಮೇಲಾಗುತ್ತದೆ. ವರ್ಷದ ಅಂಕಿ ಇಲ್ಲವೆಂದು ಇಲ್ಲಿಯ ಮಾಲ್ಟನ್ನು ಕೀಳಾಗಿ ಕಾಣುವುದು ತಪ್ಪು ಲೆಕ್ಕ.

ಅಂಗಡಿಯಲ್ಲಿ ಲೇಬಲ್ ಓದುವುದು

ಮುಂದಿನ ಅಕ್ಷರಕ್ಕಿಂತ ಹಿಂದಿನ ಸಣ್ಣ ಅಕ್ಷರ ಓದಿ. ‘ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್’, ‘ಗ್ರೇನ್ ನ್ಯೂಟ್ರಲ್ ಸ್ಪಿರಿಟ್’ ಎಂದಿದ್ದರೆ ಮೇಲೆ ಹೇಳಿದ ಇಎನ್‌ಎ ಜಾತಿ. ‘ಸ್ಕಾಚ್ ಮಾಲ್ಟ್ ಬೆರೆಸಿದ’ ಎಂದು ಬರೆದಿದ್ದರೂ ಅದು ಸ್ಕಾಚ್ ಆಗುವುದಿಲ್ಲ. ‘ಬ್ಲೆಂಡೆಡ್ ಸ್ಕಾಚ್ ವಿಸ್ಕಿ, ಭಾರತದಲ್ಲಿ ಬಾಟಲಿ ತುಂಬಿದ್ದು’ ಎಂದಿದ್ದರೆ ನಕಲಿ ಎಂದು ಹೆದರಬೇಡಿ. ಬ್ಲೆಂಡೆಡ್ ಸ್ಕಾಚನ್ನು ದೊಡ್ಡ ಪ್ರಮಾಣದಲ್ಲಿ ತರಿಸಿ ಇಲ್ಲಿ ತುಂಬಲು ಅವಕಾಶವಿದೆ. ಸಿಂಗಲ್ ಮಾಲ್ಟ್ ಸ್ಕಾಚ್ ಮಾತ್ರ ಸ್ಕಾಟ್ಲೆಂಡಿನಲ್ಲೇ ಬಾಟಲಿ ಆಗಬೇಕು. ಸ್ಕಾಚಿನ ಮೇಲೆ ‘12 ವರ್ಷ’ ಎಂದರೆ ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸು, ಸರಾಸರಿ ಅಲ್ಲ. ಹೆಸರಿನಲ್ಲೇ ಬರುವ 7, 8, 100ರಂಥ ಅಂಕಿಗಳು ವಯಸ್ಸಲ್ಲ. ಬಣ್ಣ ಗಾಢವಾಗಿದ್ದರೆ ಹಳೆಯದು ಎಂದು ನಂಬಲೂ ಬೇಡಿ, ಕ್ಯಾರಮೆಲ್ ಅಗ್ಗದ ವಸ್ತು.

ಮೊದಲ ಸಲ ಮಾಲ್ಟ್ ಕೊಳ್ಳುವವರು ಹೊಗೆ ವಾಸನೆಯದರಿಂದ ಶುರುಮಾಡದಿರುವುದು ಒಳ್ಳೆಯದು. ದುಬಾರಿ ಬಾಟಲಿ ಮೂಲೆ ಸೇರುತ್ತದೆ. ಒಂದು ಐರಿಷ್ ಅಥವಾ ಹೊಗೆ ಇಲ್ಲದ ಭಾರತೀಯ ಮಾಲ್ಟ್ ಸಾಕು. ಕರ್ನಾಟಕದಲ್ಲಿ 21 ತುಂಬದವರಿಗೆ ಇದು ಯಾವುದೂ ಅಲ್ಲ.

ಸೋಡಾ ಸುರಿಯುವ ಮೊದಲು 30 ಎಂ.ಎಲ್.ಗೆ ಅಷ್ಟೇ ಸಾದಾ ನೀರು ಹಾಕಿ ಮೂಸಿ ನೋಡಿ. ಖಡಕ್ ಶೇ 21ಕ್ಕೆ ಇಳಿದು ಮೂಗಿನ ಉರಿ ಹೋಗಿ ಪರಿಮಳ ಬಿಡಿಸಿಕೊಳ್ಳುತ್ತದೆ. ಬ್ಲೆಂಡ್ ಮಾಡುವವರೂ ಶೇ 20ರ ಹತ್ತಿರಕ್ಕೆ ಇಳಿಸಿಯೇ ಮೂಸುತ್ತಾರೆ. ಶೇ 60ರ ಕ್ಯಾಸ್ಕ್ ಸ್ಟ್ರೆಂತ್ (ಪೀಪಾಯಿಯ ಖಡಕ್ಕಿನಲ್ಲೇ ತುಂಬಿದ್ದು) ಸಿಕ್ಕರೆ 30ಕ್ಕೆ 15 ಎಂ.ಎಲ್. ನೀರು ಸೇರಿಸಿ, ಶೇ 40 ಆಗುತ್ತದೆ, ಅಲ್ಲಿಂದ ರುಚಿ ನೋಡುತ್ತ ಹೋಗಿ. ಶೇ 46ರ ಬಾಟಲಿಗೆ ನೀರು, ಐಸ್ ಬಿದ್ದಾಗ ಮಬ್ಬಾದರೆ ಕೆಟ್ಟಿದೆ ಎಂದು ಚೆಲ್ಲಬೇಡಿ. ತಣಿಸಿ ಸೋಸದ ವಿಸ್ಕಿಯಲ್ಲಿ ಉಳಿದ ಕೊಬ್ಬಿನ ಅಂಶಗಳು ಹಾಗೆ ಕಾಣುತ್ತವೆ.

ಬಾಟಲಿಯಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ, ಕೂಡಿಟ್ಟರೆ ರುಚಿ ಏರುವುದೂ ಇಲ್ಲ. ಬಿರಡೆ ಇರುವ ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕವಾಗಲಿ ಫ್ರಿಜ್ ಮೇಲಾಗಲಿ ಬೇಡ, ಕಪಾಟಿನ ಕೆಳಗಿನ ಕತ್ತಲೆ ಸಾಲು ಒಳ್ಳೆಯದು. ಕಾಲು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿ ತಿಂಗಳುಗಳಲ್ಲಿ ಪರಿಮಳ ಸಪ್ಪೆ ಮಾಡುತ್ತದೆ. ಬೇಗ ಮುಗಿಯುವಂತಿಲ್ಲದಿದ್ದರೆ ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ, ಕಂಠದವರೆಗೆ ಬರುವಂತೆ, ಸುರಿದಿಡಿ.