ಹೊಸ ಸ್ಪೋರ್ಟ್ಸ್ ಕಾರು ತಂದವರಿಗೆ ಒಂದಿಷ್ಟು ಬಿಸಿ ವಿಚಾರ

2024ರ ಜೂನ್ 23ರಂದು ಚಿತ್ರದುರ್ಗ ಜಿಲ್ಲೆಯ ನೆಲದ ಮೇಲೆ ಒಂದು ವಾಹನ ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಓಡಿತು. ಒಳಗೆ ಚಾಲಕರು ಯಾರೂ ಇರಲಿಲ್ಲ. ಅದು ಇಸ್ರೋದ ‘ಪುಷ್ಪಕ್’, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ರಾಕೆಟ್‌ನ ಪ್ರಯೋಗ ಮಾದರಿ. ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು. ಚಳ್ಳಕೆರೆ ತಾಲ್ಲೂಕಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನ ರನ್‌ವೇ ಮೇಲೆ ಅದು ತಾನಾಗಿಯೇ ಇಳಿಯಿತು. ಇಳಿದ ಕೂಡಲೇ ಗಾಲಿಯ ಬ್ರೇಕ್ ಹಾಕಲಿಲ್ಲ. ಮೊದಲು ಹಿಂಬದಿಯಿಂದ ಪ್ಯಾರಾಶೂಟ್ ಬಿಚ್ಚಿಕೊಂಡಿತು. ವೇಗ ಸುಮಾರು 100ಕ್ಕೆ ಇಳಿದ ಮೇಲಷ್ಟೇ ಗಾಲಿಯ ಬ್ರೇಕ್‌ಗಳ ಸರದಿ ಬಂತು.

ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹಾಗಾಗಿ 320ರಿಂದ 100ಕ್ಕೆ ಇಳಿಯುವಷ್ಟರಲ್ಲಿ ಪುಷ್ಪಕ್‌ನ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಕಳೆದುಹೋಗಿತ್ತು. ಉಳಿದ ಒಂದು ಪಾಲನ್ನು ಬ್ರೇಕ್ ನೋಡಿಕೊಂಡಿತು.

ನಿಮ್ಮ ಹೊಸ ಸ್ಪೋರ್ಟ್ಸ್ ಕಾರಿಗೆ ಪ್ಯಾರಾಶೂಟ್ ಇಲ್ಲ. ಇಡೀ ಬಾಕಿಯನ್ನು ನಾಲ್ಕು ಗಾಲಿಗಳ ಬ್ರೇಕ್ ಡಿಸ್ಕ್‌ಗಳೇ ತೀರಿಸಬೇಕು. ಒಂದೂವರೆ ಟನ್ ತೂಕದ ಕಾರು 100ರ ವೇಗದಿಂದ ಪೂರ್ತಿ ನಿಂತಾಗ ಹುಟ್ಟುವ ಬಿಸಿಯಲ್ಲಿ ಹತ್ತಿರ ಹತ್ತಿರ ಎರಡು ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. 200ರಿಂದ ನಿಲ್ಲಿಸಿದರೆ ಏಳು ಲೀಟರ್‌ಗೂ ಜಾಸ್ತಿ. ಅಷ್ಟೂ ಬಿಸಿ ಐದಾರು ಸೆಕೆಂಡಿನಲ್ಲಿ ಒಮ್ಮೆಲೇ ಬಂದು ಬೀಳುತ್ತದೆ.

ಇಂಥ ಕಾರು ಕೊಂಡವರು ಪವರ್ ಬಗ್ಗೆ ಮಾತಾಡುತ್ತಾರೆ, ಪಿಕಪ್ ಬಗ್ಗೆ ಮಾತಾಡುತ್ತಾರೆ. ಬಿಸಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಕಾರಿನ ಮುಂದಿನ ದೊಡ್ಡ ಬಾಯಿಗಳು, ಬದಿಯ ಕಿಂಡಿಗಳು, ತೂತು ಕೊರೆದ ಡಿಸ್ಕ್‌ಗಳು ನೋಡಲು ಚಂದ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಇರುವುದು ಬಿಸಿಯನ್ನು ಹೊರಗೆ ದಬ್ಬಲು. ಟ್ಯಾಂಕಿಗೆ ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು ಗಾಲಿಗೆ ಸಿಕ್ಕರೆ ಅದೇ ಪುಣ್ಯ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಹೊರಗಿನ ಗಾಳಿಯೇ 38 ಡಿಗ್ರಿ ಇರುವಾಗ ಈ ಕೆಲಸ ಇನ್ನೂ ಕಷ್ಟ. ಕಾರಿನ ಆರೈಕೆಯ ಮುಕ್ಕಾಲು ಭಾಗ ಬಿಸಿಯನ್ನು ನೋಡಿಕೊಳ್ಳುವುದೇ ಎಂಬುದು ನನ್ನ ಲೆಕ್ಕ.

ಮೊದಲಿಗೆ ಬ್ರೇಕ್ ಆಯಿಲ್. ಹೆಸರು ಆಯಿಲ್ ಅಂತಿದ್ದರೂ ಅದು ಎಣ್ಣೆಯಲ್ಲ. ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ. ಇದಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಹೊಸ ಡಾಟ್ 4 ದರ್ಜೆಯ ದ್ರವ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಎಂಬ ನಿಯಮವಿದೆ. ಅದೇ ದ್ರವ ಶೇಕಡಾ 3.7ರಷ್ಟು ನೀರು ಕುಡಿದರೆ ಆ ಮಿತಿ 155ಕ್ಕೆ ಬೀಳುತ್ತದೆ. ಆಗುಂಬೆ, ಹುಲಿಕಲ್ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಒಳಗಿನ ಬಿಸಿ ಅಲ್ಲಿಗೆ ಮುಟ್ಟಬಹುದು. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಿ ಸಣ್ಣದು ಮಾಡಲು ಆಗುವುದಿಲ್ಲ, ಆವಿಯನ್ನು ಮಾಡಬಹುದು. ಆಗ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಇಂಜಿನ್‌ನಿಂದಲೇ ವೇಗ ತಡೆಯಬೇಕು. ಇಳಿದ ಮೇಲೆ ಕೂಡಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಒಂದೆರಡು ಕಿ.ಮೀ. ನಿಧಾನಕ್ಕೆ ಓಡಿಸಿ ಡಿಸ್ಕ್ ಆರಲು ಬಿಡಬೇಕು. ಕೆಂಡದಂತಿರುವ ಡಿಸ್ಕ್ ಮೇಲೆ ತಣ್ಣೀರು ಬಿಟ್ಟು ತೊಳೆಯುವುದಂತೂ ಬೇಡವೇ ಬೇಡ.

ಇನ್ನು ಹೊಸ ಇಂಜಿನ್. ಸಿಲಿಂಡರ್‌ನ ಒಳಗೋಡೆಯ ಮೇಲೆ ಫ್ಯಾಕ್ಟರಿಯಲ್ಲೇ ಕಣ್ಣಿಗೆ ಅಷ್ಟಾಗಿ ಕಾಣದ ಅಡ್ಡಗೀರುಗಳನ್ನು ಕೊರೆದಿರುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಮೊದಲ ದಿನಗಳಲ್ಲಿ ಪಿಸ್ಟನ್ ರಿಂಗ್‌ಗಳು ಆ ಗೋಡೆಗೆ ಉಜ್ಜಿ ಉಜ್ಜಿ ಗೀರಿನ ಚೂಪು ತುದಿಗಳನ್ನು ಸವೆಸುತ್ತವೆ, ತಾವೂ ಗೋಡೆಗೆ ಸರಿಯಾಗಿ ಕೂರುತ್ತವೆ. ಈ ಉಜ್ಜಾಟದಲ್ಲಿ ಅಲ್ಲಲ್ಲಿ ಬಿಸಿ ಜಾಸ್ತಿ. ಹಾಗಾಗಿ ಮೊದಲ ಒಂದೂವರೆ ಸಾವಿರ ಕಿ.ಮೀ. ಅಥವಾ ನಿಮ್ಮ ಕಾರಿನ ಮ್ಯಾನ್ಯುವಲ್ ಹೇಳಿದಷ್ಟು ದೂರ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಮೂರು ಸಲ ಹೋಗಿ ಬಂದರೆ 1,500 ದಾಟುತ್ತದೆ, ಅಲ್ವಾ? ಕ್ರೂಸ್ ಕಂಟ್ರೋಲ್ ಹಾಕಿ 80ರಲ್ಲೇ ಕೂತರೆ ಇಂಜಿನ್ ಸೆಟ್ ಆಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಒಂದೇ ವೇಗದಲ್ಲಿ ಓಡಿದರೆ ರಿಂಗ್‌ಗಳ ಮೇಲೆ ಬೀಳುವ ಒತ್ತಡವೂ ಒಂದೇ ಥರ ಇರುತ್ತದೆ. ಅವು ಚೆನ್ನಾಗಿ ಕೂರಬೇಕಾದರೆ ಒತ್ತಡ ಏರಬೇಕು, ಇಳಿಯಬೇಕು. ನನ್ನನ್ನು ಕೇಳಿದರೆ ಹೈವೇ ಬಿಟ್ಟು ಚನ್ನಗಿರಿ ಕಡೆಗೋ ಹೊಳಲ್ಕೆರೆ ಕಡೆಗೋ ಗೇರ್ ಬದಲಿಸುತ್ತಾ ಓಡಿಸುವುದು ಮೇಲು. ಹೊಸ ಬ್ರೇಕ್ ಪ್ಯಾಡ್‌ಗೂ ಮೊದಲ ಇನ್ನೂರು ಮುನ್ನೂರು ಕಿ.ಮೀ. ಮೃದು ಕೈ ಬೇಕು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದಾರ್ಥ ಉಳಿದಿರಬಹುದು. ಅದು ಸವೆದು ಹೋಗುವ ತನಕ ತಿರುವಿನಲ್ಲಿ ಜೋರು ತೋರಿಸಬೇಡಿ.

ಬೆಳಗ್ಗೆ ಎದ್ದು ಸ್ಟಾರ್ಟ್ ಮಾಡಿ ಓಣಿಗೆಲ್ಲ ಕೇಳುವಂತೆ ರೇಸ್ ಕೊಡುವ ಚಟ ನನಗೆ ಅರ್ಥವಾಗುವುದಿಲ್ಲ. ಮಲಗಿದವರ ಶಾಪ ಹಾಗಿರಲಿ. ತಣ್ಣಗಿನ ಆಯಿಲ್ ಮಂದವಾಗಿರುತ್ತದೆ, ಎಲ್ಲ ಕಡೆ ಸರಿಯಾಗಿ ಹರಿಯುವುದಿಲ್ಲ. ಮೀಟರಿನಲ್ಲಿ ಕಾಣುವುದು ಸಾಮಾನ್ಯವಾಗಿ ಇಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ ಬಿಸಿ. ಅದು ಬೇಗ ಏರುತ್ತದೆ. ಆಯಿಲ್ ಬಿಸಿಯಾಗಲು ಹೆಚ್ಚುಕಡಿಮೆ ಅದರ ಎರಡರಷ್ಟು ಹೊತ್ತು ಬೇಕು. ಆಯಿಲ್‌ಗೆ ಬೇರೆ ಮೀಟರ್ ಇದ್ದರೆ ಅದನ್ನೇ ನೋಡಿ. ನಿಂತಲ್ಲೇ ಹತ್ತು ನಿಮಿಷ ಆನ್ ಮಾಡಿಡುವುದೂ ಬೇಕಿಲ್ಲ. ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಟರೆ ಸಾಕು.

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕ್‌ನಿಂದ ಹೊರಟು ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಬೆಣ್ಣೆ ದೋಸೆ ತಿಂದು ವಾಪಸ್ ಬಂದರೆ ಇಂಜಿನ್ ಪೂರ್ತಿ ಬಿಸಿಯೇ ಆಗಿರುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಆಯಿಲ್‌ನಲ್ಲೇ ತಂಗುತ್ತದೆ. ಉರಿಯದ ಒಂಚೂರು ಪೆಟ್ರೋಲೂ ಅದಕ್ಕೆ ಸೇರುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಬಿಡದೆ ಓಡಿಸಿದರೆ ಇವೆರಡೂ ಆರಿ ಹೋಗುತ್ತವೆ. ಚಿತ್ರದುರ್ಗದ ತನಕ ಸುಮಾರು 60 ಕಿ.ಮೀ. ಇದೆ, ಅದು ಸರಿಯಾದ ದೂರ.

ಟರ್ಬೊ ಇರುವ ಕಾರಿಗೆ ಇನ್ನೊಂದು ಮಾತು. ಇಂಜಿನ್‌ನ ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರವದು. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದರ ಒಂದು ಬದಿಗೆ ಬಡಿಯುವ ಹೊಗೆ 900 ಡಿಗ್ರಿಯಷ್ಟು ಬಿಸಿ ಇರಬಹುದು. ನಡುವಿನ ಬೇರಿಂಗ್‌ಗೆ ಆಯಿಲೇ ಮುಖ್ಯ ಆಸರೆ. ಹೈವೇಯಲ್ಲಿ ಜೋರಾಗಿ ಬಂದು ಢಾಬಾ ಮುಂದೆ ತಟ್ಟನೆ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ. ಸಿಕ್ಕಿಬಿದ್ದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಕೊನೆಯ ಒಂದೆರಡು ಕಿ.ಮೀ. ಆರಾಮಾಗಿ ಬನ್ನಿ, ಅಥವಾ ಒಂದು ನಿಮಿಷ ಸುಮ್ನೆ ಆನ್ ಬಿಡಿ. ಆಫ್ ಮಾಡಿದ ಮೇಲೂ ಫ್ಯಾನ್ ಗುಂಯ್ ಅಂತಿದ್ದರೆ ಗಾಬರಿ ಬೇಡ, ಅದು ತನ್ನ ಕೆಲಸ ಮಾಡುತ್ತಿದೆ.

ಬೇಸಿಗೆ ಬಂತೆಂದರೆ ಟೈರಿಗೆ ಗಾಳಿ ಕಮ್ಮಿ ಹಾಕಿಸಬೇಕು, ಇಲ್ಲದಿದ್ದರೆ ಬಿಸಿಗೆ ಉಬ್ಬಿ ಒಡೆಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇದು ಪೂರ್ತಿ ಉಲ್ಟಾ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚುತ್ತದೆ. ಮಡಚಿದಷ್ಟೂ ರಬ್ಬರಿನ ಒಳಗೇ ಬಿಸಿ ಹುಟ್ಟುತ್ತದೆ. ಬೇಸಿಗೆಯ ಹೈವೇಯಲ್ಲಿ ಟೈರ್ ಒಡೆಯಲು ಇದೊಂದು ಮುಖ್ಯ ಕಾರಣ. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಏರುವುದು ಸುಮಾರು ಒಂದೂವರೆ ಪಿಎಸ್‌ಐ ಅಷ್ಟೇ. ಟೈರು ಮಾಡಿದವರು ಅದಕ್ಕೆ ಜಾಗ ಬಿಟ್ಟೇ ಇರುತ್ತಾರೆ. ಬೆಳಗ್ಗೆ ಟೈರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿಸಿ. ಮುಂದೆ, ಹಿಂದೆ ಬೇರೆ ಬೇರೆ ಅಂಕಿ ಇರಬಹುದು. ಹೈವೇಯಲ್ಲಿ ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ. ನೈಟ್ರೋಜನ್ ಹಾಕಿಸಿ ಅಂತ ಒತ್ತಾಯ ಮಾಡುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆ.

ಟೈರಿನ ಹಿಡಿತಕ್ಕೆ ಒಂದು ಮಿತಿ ಇದೆ. ತಿರುಗುವುದು, ಬ್ರೇಕ್ ಹಿಡಿಯುವುದು ಎರಡಕ್ಕೂ ಅದೇ ಹಿಡಿತವನ್ನು ಹಂಚಬೇಕು. ತಿರುವಿನಲ್ಲಿ ನೂರರಲ್ಲಿ 80ರಷ್ಟು ಬಳಸಿದ್ದರೆ ಬ್ರೇಕ್‌ಗೆ ಉಳಿಯುವುದು ಸುಮಾರು 60. ಎರಡೂ ಲಂಬ ದಿಕ್ಕಿನಲ್ಲಿರುವುದರಿಂದ ಈ ಲೆಕ್ಕ ಪೈಥಾಗೊರಸ್‌ನ ತ್ರಿಕೋನದಂತೆ ನಡೆಯುತ್ತದೆ, 80, 60, 100. ಅದಕ್ಕೇ ಬ್ರೇಕನ್ನು ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಮುಗಿಸಬೇಕು. ಇಂಜಿನ್ ಹಿಂದೆ ಇರುವ ಕಾರಿನಲ್ಲಿ ತಿರುವಿನ ಮಧ್ಯೆ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಜರುಗುತ್ತದೆ, ಹಿಂಬದಿ ಹೊರಕ್ಕೆ ಜಾರುತ್ತದೆ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಬಟನ್ ಆಫ್ ಮಾಡಬೇಡಿ. ಮುಂಗಾರಿನ ಮೊದಲ ಮಳೆಯಲ್ಲಂತೂ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೀರಿನ ಜೊತೆ ಸೇರಿ ರಸ್ತೆ ವಿಪರೀತ ಜಾರುತ್ತದೆ. ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ.

ನಮ್ಮ ಕಡೆಯ ರಸ್ತೆಯಲ್ಲಿ ಇನ್ನೊಂದು ಬಿಸಿಯ ಅಪಾಯವಿದೆ. ಕಾರಿನ ಜೊತೆ ಬಂದ ಮ್ಯಾನ್ಯುವಲ್‌ನಲ್ಲಿ ಅದು ಸಿಗಲಾರದು. ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಕ್ಕಣೆ ನಡೆಯುತ್ತದೆ. ರಾಗಿ ಹುಲ್ಲು, ಹುರುಳಿ ಸೊಪ್ಪು ಹಾಸಿರುತ್ತಾರೆ, ವಾಹನಗಳೇ ತುಳಿದುಕೊಂಡು ಹೋಗಲಿ ಎಂದು. ಎತ್ತರದ ಜೀಪಿನವರೂ ಇದರ ಮೇಲೆ ಹುಷಾರಾಗಿ ಹೋಗಬೇಕು. ನಿಮ್ಮ ಕಾರಿನ ಹೊಟ್ಟೆ ನೆಲದಿಂದ ಹನ್ನೆರಡು ಸೆಂ.ಮೀ. ಎತ್ತರದಲ್ಲಿದೆ. ಅಲ್ಲೇ ಇಂಜಿನ್‌ನ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಕೆಲಸ ಮಾಡುವಾಗ ಅದರ ಒಳಗಿನ ಬಿಸಿ 400 ಡಿಗ್ರಿಯನ್ನೂ ಮೀರುತ್ತದೆ. ಒಣ ಹುಲ್ಲು ಹೊತ್ತಿಕೊಳ್ಳಲು ಸುಮಾರು 250ರಿಂದ 300 ಸಾಕು. ಹುರುಳಿ ಬಳ್ಳಿ ಗಾಲಿಯ ಶಾಫ್ಟ್‌ಗೆ ಸುತ್ತಿಕೊಂಡು ಪೈಪಿನ ಪಕ್ಕ ಸೇರಿಬಿಟ್ಟರೆ ಬೆಂಕಿ ಹತ್ತಿದ್ದು ಚಾಲಕನಿಗೆ ತಡವಾಗಿ ಗೊತ್ತಾಗುತ್ತದೆ. ಕಣ ಕಂಡರೆ ನಿಲ್ಲಿಸಿ, ಬದಿಗೆ ಸರಿಸಿಕೊಡಿ ಎಂದು ಕೇಳಿ. ರೈತರು ಸರಿಸಿಕೊಡುತ್ತಾರೆ, ಕಾರಿನ ಬೆಲೆಯನ್ನೂ ಕೇಳುತ್ತಾರೆ. ಒಣ ಹುಲ್ಲಿನ ಬಯಲಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರಿಗೂ ಇದೇ ಮಾತು.

ಹಂಪ್ ವಿಷಯಕ್ಕೆ ಬರೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದರ ಮೇಲೆ ಎರಡೂವರೆ ಮೀಟರ್ ಗಾಲಿ ಅಂತರದ ಕಾರು ನಿಂತರೆ ನಾಲ್ಕು ಗಾಲಿಯೂ ಹಂಪ್ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗಿನ ಜಾಗದಲ್ಲಿ ಐದು ಸೆಂ.ಮೀ. ಕೂಡ ಕಮ್ಮಿಯಾಗುವುದಿಲ್ಲ. ಊರವರೇ ರಾತ್ರೋರಾತ್ರಿ ಹಾಕಿದ ಹಂಪ್ ಒಂದು ಮೊಳ ಅಗಲ, ಒಂದು ಗೇಣು ಎತ್ತರ. ಅದರ ಎರಡೂ ಕಡೆ ಗಾಲಿಗಳು ನೆಲದಲ್ಲೇ ಇರುತ್ತವೆ, ಹೊಟ್ಟೆ ಸೀದಾ ಬಡಿಯುತ್ತದೆ. ಓರೆಯಾಗಿ ಹತ್ತಿಸಿದರೆ ಗಾಲಿಗಳು ಒಂದೊಂದಾಗಿ ಹತ್ತುತ್ತವೆ, ಹೊಟ್ಟೆ ಬಡಿಯುವುದು ಕಮ್ಮಿ. ಮೂತಿ ಎತ್ತುವ ಬಟನ್ ಇದ್ದರೆ ಒತ್ತಿ. ಎಷ್ಟೋ ಸ್ಪೋರ್ಟ್ಸ್ ಕಾರಿನಲ್ಲಿ ಸ್ಟೆಪ್ನಿ ಇರುವುದಿಲ್ಲ, ಬರೀ ಅಂಟು ದ್ರವದ ಕಿಟ್ ಇರುತ್ತದೆ. ಮೊಳೆ ಚುಚ್ಚಿದ ತೂತಿಗೆ ಅದು ಸರಿ. ಗುಂಡಿಗೆ ಬಿದ್ದು ಪಕ್ಕದ ಗೋಡೆ ಹರಿದರೆ ಪ್ರಯೋಜನವಿಲ್ಲ. ಪೂರ್ತಿ ಹೊತ್ತೊಯ್ಯುವ ಲಾರಿಯವರ ನಂಬರ್ ಮೊದಲೇ ಇಟ್ಟುಕೊಳ್ಳಿ. ಸರಪಳಿ ಕಟ್ಟಿ ಎಳೆಸಬೇಡಿ.

ಹಿರಿಯೂರು ದಾಟಿ ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಕಡೆ ಹೈವೇ ಚೆನ್ನಾಗಿದೆ, ಕಾಲು ತಾನಾಗಿ ಒತ್ತುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ ಇಟ್ಟ ಗರಿಷ್ಠ ಮಿತಿ 100. ಬೋರ್ಡ್‌ನಲ್ಲಿ ಕಮ್ಮಿ ಇದ್ದರೆ ಅದೇ ಮಿತಿ. 2024ರ ಆಗಸ್ಟ್‌ನಿಂದ ಕರ್ನಾಟಕ ಪೊಲೀಸರು 130 ದಾಟಿದವರ ಮೇಲೆ ಎಫ್‌ಐಆರ್ ಹಾಕಲು ಶುರುಮಾಡಿದ್ದಾರೆ. ಕಾನೂನಿಗಿಂತ ನನಗೆ ಒಂದೂವರೆ ಸೆಕೆಂಡಿನ ಲೆಕ್ಕ ಮುಖ್ಯ. ಒಳ್ಳೆಯ ಸ್ಪೋರ್ಟ್ಸ್ ಕಾರು 100ರಿಂದ ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. ಆದರೆ ಮುಂದೆ ಕುರಿ ಮಂದೆ ಕಂಡು ನಿಮ್ಮ ಕಾಲು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ತಡವಾದರೆ, ಅಷ್ಟರಲ್ಲೇ ಕಾರು 42 ಮೀಟರ್ ಹೋಗಿರುತ್ತದೆ. ಲಕ್ಷಾಂತರ ರೂಪಾಯಿಯ ಬ್ರೇಕ್ ಉಳಿಸಿಕೊಡುವುದು ಕೆಲವೇ ಮೀಟರ್. ಟೇಲ್ ಲೈಟ್ ಇಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರ್, ರಾಂಗ್ ಸೈಡಿನಲ್ಲಿ ಬರುವ ಬೈಕು ಇರುವ ರಸ್ತೆ ಇದು. ಜೋರು ಓಡಿಸಲೇಬೇಕು ಅನ್ನಿಸಿದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ಹೋಗುವ ಮುಂಚೆ ಬ್ರೇಕ್ ಆಯಿಲ್ ಬದಲಿಸಿಕೊಳ್ಳಿ.

ಪೆಟ್ರೋಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ಯಾಂಕಿನ ಮುಚ್ಚಳದ ಒಳಗೆ ಬರೆದ ಆಕ್ಟೇನ್ ಅಂಕಿಗಿಂತ ಕಮ್ಮಿ ಹಾಕಿಸಬೇಡಿ. ಎಷ್ಟು ಎಥನಾಲ್ ಸೇರಬಹುದು ಅನ್ನುವುದನ್ನೂ ಅಲ್ಲೇ ನೋಡಿ. ಎಥನಾಲ್ ತೇವ ಹೀರುತ್ತದೆ, ಹಾಗಾಗಿ ಹಳೆ ಪೆಟ್ರೋಲ್ ತುಂಬಿಟ್ಟು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ಒಳ್ಳೆಯದಲ್ಲ. ನಿಲ್ಲಿಸಲೇಬೇಕಾದರೆ ಬ್ಯಾಟರಿಗೆ ಚಿಕ್ಕ ಮೇಂಟೆನೆನ್ಸ್ ಚಾರ್ಜರ್ ಹಾಕಿಡಿ.

ಕೊನೆಗೆ ಶೆಡ್ಡಿನಲ್ಲಿ ನಿಂತ ಕಾರಿನ ಬಿಸಿಗೂ ಒಬ್ಬ ಗಿರಾಕಿ ಇದ್ದಾನೆ, ಇಲಿ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಇಲಿಗೇನು ಬರ? ಡಿಸೆಂಬರ್ ರಾತ್ರಿಯಲ್ಲಿ ಈಗಷ್ಟೇ ಓಡಿ ಬಂದ ಇಂಜಿನ್ ಅದಕ್ಕೆ ಬೆಚ್ಚಗಿನ ಗೂಡು. ಹಲ್ಲು ಬೆಳೆಯುತ್ತಲೇ ಇರುವುದರಿಂದ ಏನಾದರೂ ಕಡಿಯುತ್ತಿರಬೇಕು, ಕೈಗೆ ಸಿಗುವುದು ವೈರ್. ಶೆಡ್ಡಿನಲ್ಲಿ ಧಾನ್ಯದ ಚೀಲ, ನಾಯಿ ಊಟ ಇಡಬೇಡಿ. ಕಾರಿನೊಳಗೆ ತಿಂದ ಮಿರ್ಚಿ ಮಂಡಕ್ಕಿಯ ಚೂರನ್ನೂ ಗುಡಿಸಿ. ಗಾಳಿ ಬರುವ ಕಿಂಡಿಗಳಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿಸಬಹುದಾ ಎಂದು ಸರ್ವಿಸ್‌ನವರನ್ನು ಕೇಳಿ, ತೀರಾ ದಪ್ಪ ಜಾಲರಿ ಗಾಳಿಯನ್ನೇ ತಡೆಯುತ್ತದೆ. ಬೆಳಗ್ಗೆ ಹಿಕ್ಕೆ ಕಂಡರೆ, ಇಲ್ಲವೇ ಮೀಟರಿನಲ್ಲಿ ಹೊಸದೊಂದು ಲೈಟ್ ಹತ್ತಿದರೆ, ಸ್ಟಾರ್ಟ್ ಮಾಡುವ ಮುಂಚೆ ಟಾರ್ಚ್ ಹಿಡಿದು ವೈರ್‌ಗಳನ್ನೊಮ್ಮೆ ನೋಡಿ. ಎಲ್ಲಾದರೂ ತಾಮ್ರ ಕಂಡರೆ ಬೀಗದ ಕೈ ಕೆಳಗಿಟ್ಟು ಸರ್ವಿಸ್‌ನವರಿಗೆ ಫೋನ್ ಮಾಡಿ.