ಭೂಶಾಖ ವಿದ್ಯುತ್ತಿಗೆ ಪರಿಸರದ ಕಟ್ಟುಪಾಡು ಬಂದ ಬಗೆ

ಇಟಲಿಯ ಲಾರ್ದೆರೆಲ್ಲೊದಲ್ಲಿ 1904ರಲ್ಲಿ ನೆಲದಾಳದ ಹಬೆಯಿಂದ ಮೊದಲ ಬಾರಿಗೆ ವಿದ್ಯುತ್ ದೀಪಗಳು ಉರಿದವು. ಕಲ್ಲಿದ್ದಲಿನ ಹೊಗೆಯನ್ನು ಕಂಡವರಿಗೆ ಈ ಹಬೆ ನಿರ್ಮಲವೆನಿಸಿದ್ದು ಸಹಜ. ಅದರ ಜೊತೆ ಮೇಲೆ ಬರುವ ಉಳಿದ ವಸ್ತುಗಳ ಲೆಕ್ಕ ಇಡಬೇಕೆಂಬ ಒತ್ತಾಯ ಬಹುಕಾಲ ಹುಟ್ಟಲೇ ಇಲ್ಲ.

ಆ ಲೆಕ್ಕ ಬಾಕಿ ಉಳಿದರೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ವೈರಾಕೆ ತೋರಿಸಿತು. 1958ರಲ್ಲಿ ಆರಂಭವಾದ ಈ ಸ್ಥಾವರದಲ್ಲಿ, ಹಬೆಯಿಂದ ಬೇರ್ಪಡಿಸಿದ ಬಿಸಿನೀರನ್ನು ಅದರಲ್ಲಿ ಕರಗಿದ್ದ ಆರ್ಸೆನಿಕ್ ಸಮೇತ ವೈಕಾಟೊ ನದಿಗೆ ಬಿಡಲಾಗುತ್ತಿತ್ತು. ಮೇಲೆತ್ತಿದ ನೀರು ಮರಳಿ ಆಳಕ್ಕೆ ಹೋಗದೆ ಭೂಗರ್ಭದ ಒತ್ತಡ ಇಳಿಯಿತು. ಪ್ರವಾಸಿಗರನ್ನು ಸೆಳೆಯುತ್ತಿದ್ದ ಗೀಸರ್ ಕಣಿವೆಯ ಬಿಸಿನೀರಿನ ಬುಗ್ಗೆಗಳು ನಿಂತುಹೋದವು, ಒಂದೆಡೆ ನೆಲ ಸುಮಾರು 15 ಮೀಟರಿನಷ್ಟು ಕುಸಿಯಿತು. ಬಳಸಿದ ನೀರಿನ ಮರುಪೂರಣ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಜಾರಿಗೆ ಬಂದ ಮೇಲೆಯೇ.

ಐಎಸ್‌ಒ 14001 ಎಂಬ ಅಂತರರಾಷ್ಟ್ರೀಯ ಪರಿಸರ ನಿರ್ವಹಣಾ ಮಾನದಂಡ 1996ರಲ್ಲಿ ಪ್ರಕಟವಾಯಿತು. 2004 ಮತ್ತು 2015ರಲ್ಲಿ ಪರಿಷ್ಕೃತವಾಯಿತು. ಐಸ್‌ಲ್ಯಾಂಡಿನ ಲ್ಯಾಂಡ್ಸ್‌ವಿರ್ಕ್ಯುನ್, ಕೆನ್ಯಾದ ಕೆನ್‌ಜೆನ್‌ನಂಥ ವಿದ್ಯುತ್ ಸಂಸ್ಥೆಗಳು ಅದರ ಪ್ರಮಾಣಪತ್ರ ಪಡೆದವು. ಆದರೆ ಎಷ್ಟು ಅನಿಲವನ್ನು ಹೊರಬಿಡಬಹುದೆಂದು ಈ ಮಾನದಂಡ ಎಲ್ಲಿಯೂ ಹೇಳುವುದಿಲ್ಲ. ಸಂಸ್ಥೆಯು ತನ್ನ ಕೆಲಸದಿಂದ ಪರಿಸರದ ಮೇಲಾಗುವ ಪರಿಣಾಮಗಳನ್ನು ಗುರುತಿಸಿ, ಗುರಿ ನಿಗದಿಪಡಿಸಿ, ಅಳೆದು ದಾಖಲಿಸಬೇಕು; ಪ್ರಮಾಣಪತ್ರ ಬೇಕಿದ್ದರೆ ಹೊರಗಿನ ಪರಿಶೋಧಕರ ಮುಂದಿಡಬೇಕು. ಅನ್ವಯವಾಗುವ ಕಾನೂನಿಗೆ ಬದ್ಧವಾಗಿರಬೇಕು. ಕಾನೂನೇ ಸಡಿಲವಾಗಿದ್ದಲ್ಲಿ ಪ್ರಮಾಣಪತ್ರದ ತೂಕವೂ ಅಷ್ಟಕ್ಕಷ್ಟೆ.

ಕಾನೂನು ಬಿಗಿಯಾದಾಗ ಆಗುವ ಬದಲಾವಣೆಗೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯವಿಕ್ ಸಮೀಪದ ಹೆಟ್ಲಿಸ್‌ಹೇದಿ ಭೂಶಾಖ ಸ್ಥಾವರ ಸಾಕ್ಷಿ. 2006ರಲ್ಲಿ ಅದು ಉತ್ಪಾದನೆ ಆರಂಭಿಸಿದ ಬಳಿಕ ನಗರದ ಗಾಳಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಿತು. ಬೆಳ್ಳಿಯನ್ನು ಕಪ್ಪಾಗಿಸುವ ಅನಿಲವಿದು. ಐಸ್‌ಲ್ಯಾಂಡ್ ಸರ್ಕಾರ 2010ರಲ್ಲಿ ಇದಕ್ಕೆ ದಿನದ ಸರಾಸರಿ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೊಗ್ರಾಮ್ ಎಂದು ನಿಗದಿಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿದ್ದದ್ದು 150. ಸ್ಥಾವರವು 2014ರಿಂದ ಈ ಅನಿಲದ ಒಂದು ಭಾಗವನ್ನು ನೀರಿನಲ್ಲಿ ಕರಗಿಸಿ ಆಳದ ಬಸಾಲ್ಟ್ ಶಿಲೆಗೆ ತುಂಬತೊಡಗಿತು. ಅಲ್ಲಿ ಅದು ಕಬ್ಬಿಣದೊಂದಿಗೆ ಸೇರಿ ಪೈರೈಟ್ ಖನಿಜವಾಗುತ್ತದೆ. ಪರಿಹಾರವೆಂದು ಹಿಡಿದ ದಾರಿಗೂ ತನ್ನದೇ ತಾಪತ್ರಯಗಳಿವೆ: 2011ರಲ್ಲಿ ಇದೇ ಸ್ಥಾವರ ಬಳಸಿದ ನೀರನ್ನು ಆಳಕ್ಕೆ ತುಂಬಿದಾಗ ಸರಣಿ ಭೂಕಂಪನಗಳಾಗಿ, ನೆರೆಯ ಹ್ವೆರಾಗೆರ್ದಿ ಪಟ್ಟಣದವರು ಅಸಮಾಧಾನಗೊಂಡಿದ್ದರು.

ಭಾರತದಲ್ಲಿ ಈ ಪ್ರಶ್ನೆ ಎದುರಾಗಿರುವುದು ಲಡಾಖಿನ ಪುಗಾ ಕಣಿವೆಯಲ್ಲಿ. ಕಪ್ಪು ಕೊರಳಿನ ಕೊಕ್ಕರೆಗಳು ಬರುವ ಆ ಜೌಗು ಪ್ರದೇಶದಲ್ಲಿ ಒಎನ್‌ಜಿಸಿ ಭೂಶಾಖಕ್ಕಾಗಿ ಬಾವಿ ಕೊರೆಯುತ್ತಿದ್ದಾಗ, 2022ರ ಆಗಸ್ಟ್‌ನಲ್ಲಿ, ಹೊರಚಿಮ್ಮಿದ ದ್ರವ ಪಕ್ಕದ ಹಳ್ಳವನ್ನು ಸೇರಿತ್ತು. ವಿದ್ಯುತ್ ಉತ್ಪಾದನೆಯ ಮಾತು ಆಗಿನ್ನೂ ದೂರವಿತ್ತು.