ನಡುವಿನ ಕಟ್ಟೆಯನ್ನು ಬದಿಗೆ ಸರಿಸಬಹುದೇ?

ನಾನು ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸ ಮಾಡುವವನೆಂದು ತಿಳಿದೊಡನೆ, ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿಬಂದವರು ಅಲ್ಲಿನ ಯಹೂದ್ಯರ ಪ್ರಾರ್ಥನಾಮಂದಿರವಾದ ಪರದೇಸಿ ಸಿನಗಾಗ್‌ನ ನೀಲಿ-ಬಿಳಿ ಟೈಲ್ಸ್‌ಗಳ ಸಂಕೇತಾರ್ಥವೇನೆಂದು ಕೇಳುತ್ತಾರೆ. ನಾನು ಬಲ್ಲಮಟ್ಟಿಗೆ ಅವುಗಳಿಗೆ ಧಾರ್ಮಿಕ ಸಂಕೇತಾರ್ಥ ಯಾವುದೂ ಇಲ್ಲ. 1568ರಲ್ಲಿ ಕಟ್ಟಿದ ಆ ಮಂದಿರ 1662ರಲ್ಲಿ ಪೋರ್ಚುಗೀಸರಿಂದ ಹಾಳಾಗಿ, ಡಚ್ಚರ ಕಾಲದಲ್ಲಿ ಮತ್ತೆ ಎದ್ದಿತು. ಡಚ್ಚರೊಂದಿಗೆ ವಹಿವಾಟು ನಡೆಸುತ್ತಿದ್ದ ಎಜೆಕಿಯಲ್ ರಹಬಿ ಎಂಬ ದೊಡ್ಡ ವರ್ತಕ 1762ರಲ್ಲಿ ಚೀನಾದಿಂದ ತರಿಸಿ ಹಾಸಿಸಿದ, ಕೈಯಿಂದ ಚಿತ್ರ ಬರೆದ ಪಿಂಗಾಣಿಗಳು ಅವು. ಒಳ್ಳೆಯ ಸರಕು ಸಿಕ್ಕಿತು, ಮಂದಿರಕ್ಕೆ ಒಪ್ಪಿಸಿದ. ಬೆಲ್ಜಿಯಂ ಗಾಜಿನ ತೂಗುದೀಪಗಳದೂ ಹೆಚ್ಚುಕಡಿಮೆ ಇದೇ ಕಥೆ. ಕಂಬಗಳನ್ನು ಎಣಿಸಿಕೊಂಡು ಬಂದು ಆ ಸಂಖ್ಯೆಯ ರಹಸ್ಯವನ್ನು ಕೇಳಿದವರೂ ಇದ್ದಾರೆ. ಅವರ ಉತ್ಸಾಹ ನನಗೆ ಇಷ್ಟವೇ, ಆದರೆ ನೋಡಬೇಕಾದದ್ದನ್ನು ಅವರು ನೋಡದೆಯೇ ದಾಟಿಕೊಂಡು ಬಂದಿರುತ್ತಾರೆ.

ನೋಡಬೇಕಾದದ್ದು ಪಶ್ಚಿಮದ ಗೋಡೆಗೂ ಹಜಾರದ ನಡುವಿನ ಕಟ್ಟೆಗೂ ಇರುವ ಸಂಬಂಧ. ಗೋಡೆಯ ಬಳಿ ಹೇಖಾಲ್ ಎಂಬ ಕೆತ್ತನೆಯ ಮರದ ಕಪಾಟು ಇದೆ. ಅದರೊಳಗೆ ಯಹೂದ್ಯರ ಪವಿತ್ರ ಗ್ರಂಥವಾದ ತೋರಾದ ಸುರುಳಿಗಳಿವೆ. ನಮ್ಮವರು ಇದನ್ನು ಗರ್ಭಗುಡಿಯೆಂದೂ, ಹಿತ್ತಾಳೆಯ ಕಟಕಟೆಯಿರುವ ನಡುವಿನ ತೇಬಾವನ್ನು, ಅಂದರೆ ತೋರಾ ಓದುವ ಕಟ್ಟೆಯನ್ನು, ಬಲಿಪೀಠವೆಂದೂ ತಿಳಿಯುತ್ತಾರೆ. ಎರಡೂ ತಪ್ಪು. ಬಲಿ ನಡೆಯುತ್ತಿದ್ದುದು ಜೆರುಸಲೇಮಿನ ದೇವಾಲಯದಲ್ಲಿ, ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿದ ಮೇಲೆ ಅಲ್ಲಿನ ಬಲಿಯೂ ನಿಂತಿತು. ಕನ್ನಡ ಬೈಬಲಿನಲ್ಲಿ ಸಿನಗಾಗ್‌ಗೆ ಬಳಸಿರುವ 'ಸಭಾಮಂದಿರ' ಎಂಬ ಮಾತೇ ಇಲ್ಲಿ ನಮ್ಮ ಕೈಹಿಡಿಯುತ್ತದೆ: ಇದು ಸಭೆ ಕೂಡುವ, ಓದುವ, ಕೇಳುವ ಜಾಗ. ಸುರುಳಿಯನ್ನು ಹೇಖಾಲ್‌ನಿಂದ ಹೊರತೆಗೆದು, ಜನರ ನಡುವೆ ಹಾಯಿಸಿ ತಂದು, ಓದು ಮುಗಿದ ಮೇಲೆ ಮತ್ತೆ ಅಲ್ಲಿಗೇ ಮರಳಿಸುತ್ತಾರೆ. ಬೆಂಚುಗಳು ಗೋಡೆಗಳ ಉದ್ದಕ್ಕೂ ಸರಿದಿರುವುದು, ನಡುವಿನ ನೆಲ ತೆರೆದಿರುವುದು ಈ ಓಡಾಟಕ್ಕೆ ಒದಗಿಬರುತ್ತದೆ. ಆ ಖಾಲಿ ನೆಲ ಉಳಿದುಹೋದ ಜಾಗವಲ್ಲ, ಮೆರವಣಿಗೆಯ ದಾರಿ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಕೇರಳದ ಸಿನಗಾಗ್‌ಗಳಲ್ಲಿ ಇದಕ್ಕೆ ಇನ್ನೊಂದು ವಿಶೇಷವೂ ಸೇರಿಕೊಂಡಿದೆ. ಹೇಖಾಲ್‌ಗೆ ಎದುರಾಗಿ ಮೇಲಿನ ಅಟ್ಟದಲ್ಲಿ ಎರಡನೆಯ ತೇಬಾ ಇರುತ್ತದೆ. ಅದರ ಹಿಂದೆಯೇ, ಮರದ ಜಾಲರಿಯಾಚೆ, ಹೆಂಗಸರು ಕೂರುವ ಭಾಗ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಾಗೂ ಹಬ್ಬದ ದಿನಗಳ ತೋರಾ ಓದು ಆ ಮೇಲಿನ ತೇಬಾದಲ್ಲಿ ನಡೆಯುತ್ತಿತ್ತು. ಕಟ್ಟಿಸಿದವರ ಮನಸ್ಸನ್ನು ಊಹಿಸುವುದು ನನ್ನ ವೃತ್ತಿಯಲ್ಲ. ಆದರೆ ಆ ದಿನಗಳಲ್ಲಿ ಓದುವ ದನಿ ಹೆಂಗಸರಿಗೆ ಕೈಗೆಟಕುವಷ್ಟು ಹತ್ತಿರದಿಂದ ಕೇಳುತ್ತಿತ್ತೆಂಬುದನ್ನು ಕಟ್ಟಡವೇ ಹೇಳುತ್ತದೆ.

ಹೇಖಾಲ್ ಪೂರ್ವದಲ್ಲಿರಬೇಕಿತ್ತಲ್ಲವೇ ಎಂದು ಬೆಂಗಳೂರಿನ ವಾಸ್ತುಪ್ರಿಯರೂ ಯುರೋಪಿನ ಸಿನಗಾಗ್‌ಗಳನ್ನು ಕಂಡುಬಂದವರೂ ಒಂದೇ ಸಮನೆ ಕೇಳುತ್ತಾರೆ. ಪ್ರಾರ್ಥಿಸುವವರು ಮುಖ ಮಾಡುವುದು ಪೂರ್ವಕ್ಕಲ್ಲ, ಜೆರುಸಲೇಮಿಗೆ. ಯುರೋಪಿನವರಿಗೆ ಅದು ಪೂರ್ವ, ಕೊಚ್ಚಿಯವರಿಗೆ ಪಶ್ಚಿಮ. ಮಟ್ಟಾಂಚೇರಿಯದೇ ಆದ ಕಡವುಂಭಾಗಂ ಸಿನಗಾಗ್‌ನ ಒಳಾಂಗಣ ಇಂದು ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯ, ದೇವಾಲಯವಿದ್ದ ಹಳೆಯ ನಗರದ ಪಶ್ಚಿಮಕ್ಕಿರುವುದರಿಂದ, ಅಲ್ಲಿ ನಿಂತು ಪ್ರಾರ್ಥಿಸುವವರು ಪೂರ್ವಕ್ಕೇ ತಿರುಗಬೇಕಾದೀತು.

ಇಷ್ಟೆಲ್ಲ ಬರೆಯುವುದಕ್ಕೆ ಒಬ್ಬ ಸಜ್ಜನರು ಕಾರಣ. ಪ್ರಾರ್ಥನೆ ನಿಂತುಹೋಗಿದ್ದ ಇಂಥದೇ ಒಂದು ಮಂದಿರದಲ್ಲಿ ಸಂಗೀತ ಕಚೇರಿ ಏರ್ಪಡಿಸಬೇಕೆಂದುಕೊಂಡಿದ್ದ ಅವರು, "ಸಾರ್, ಆ ಕಟ್ಟೆಯನ್ನು ಬದಿಗೆ ಸರಿಸಿದರೆ ಇನ್ನೂ ಐವತ್ತು ಕುರ್ಚಿ ಹಿಡಿಸುತ್ತವೆ" ಎಂದರು. ವಾದಿಸುವ ಬದಲು ಅವರನ್ನು ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿ, ನನ್ನ ಸಹಾಯಕನಿಗೆ ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಕಟ್ಟೆಯ ಮೇಲೆ ನಿಂತು ಅಂದಿನ ಪತ್ರಿಕೆಯನ್ನು ಸಾಮಾನ್ಯ ದನಿಯಲ್ಲಿ ಓದಲು ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಹಾಡುವವರನ್ನೇ ನಡುವೆ ಕೂರಿಸಿದರೆ?" ಎಂದರು. ಅದನ್ನು ಸಮುದಾಯದ ಹಿರಿಯರನ್ನು ಕೇಳಿ ತೀರ್ಮಾನಿಸೋಣ, ಕುರ್ಚಿಗಳ ಆಸೆಯನ್ನು ಮಾತ್ರ ಇಂದೇ ಬಿಡಿ ಎಂದೆ.